ಟ್ಯೂಬಿಂಗನ್: ಶುಕ್ರವಾರ ಹೋಗಿ, ರಾತ್ರಿ ಉಳಿಯಿರಿ

ಜರ್ಮನಿಯ ಹಳೆಯ ವಿಶ್ವವಿದ್ಯಾಲಯದ ಊರು ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಹೈಡೆಲ್‌ಬರ್ಗ್. ಕೋಟೆ, ಸೇತುವೆ, ಬಸ್ಸುಗಟ್ಟಲೆ ಪ್ರವಾಸಿಗರು, ಎಲ್ಲವೂ ಅಲ್ಲಿದೆ. ಅದೇ ನೆಕ್ಕಾರ್ ನದಿಯ ಗುಂಟ ಮೇಲಕ್ಕೆ ಹೋದರೆ, ಸ್ಟುಟ್‌ಗಾರ್ಟ್ ದಾಟಿದ ಮೇಲೆ ಸಿಗುವ ಟ್ಯೂಬಿಂಗನ್‌ಗೆ ಹೋಗುವವರು ಕಡಿಮೆ. ಹೋದವರಲ್ಲೂ ಹೆಚ್ಚಿನವರು ತಪ್ಪಾಗಿ ನೋಡಿ ಬರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ರೈಲಿಳಿದು, ಸೇತುವೆಯ ಮೇಲೆ ನಿಂತು ಫೋಟೋ ತೆಗೆದು, ಮಾರುಕಟ್ಟೆ ಚೌಕದಲ್ಲಿ ಐಸ್‌ಕ್ರೀಮ್ ತಿಂದು, ನಾಲ್ಕರ ರೈಲಿಗೆ ವಾಪಸ್. ಹಾಗೆ ನೋಡಿದರೆ ಇದು ಬಣ್ಣದ ಮನೆಗಳ ಇನ್ನೊಂದು ಊರು, ಅಷ್ಟೇ. ಇಲ್ಲಿನ ಒಳ್ಳೆಯ ಸಂಗತಿಗಳೆಲ್ಲ ಗಾತ್ರದಲ್ಲಿ ಸಣ್ಣವು, ಇರುವುದು ಏರು ದಾರಿಯ ಮೇಲೆ, ಮತ್ತು ದಿನಕ್ಕೊಂದು ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ಎಷ್ಟು ಹೊತ್ತು ಹೋಗುತ್ತೀರಿ ಎನ್ನುವುದಕ್ಕಿಂತ ವಾರದ ಯಾವ ದಿನ ಹೋಗುತ್ತೀರಿ ಎನ್ನುವುದು ಮುಖ್ಯ.

ಲೆಕ್ಕ ಹೀಗಿದೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯ ಬುಧವಾರದಿಂದ ಭಾನುವಾರದವರೆಗೆ ತೆರೆದಿರುತ್ತದೆ. ಸೋಮವಾರ, ಮಂಗಳವಾರ ಬೀಗ. ಹ್ಯೋಲ್ಡರ್ಲೀನ್ ಎಂಬ ಕವಿ ಇದ್ದ ಗೋಪುರಕ್ಕೆ ಮಂಗಳವಾರ ಮತ್ತು ಬುಧವಾರ ರಜೆ. ಮಾರುಕಟ್ಟೆ ಚೌಕದಲ್ಲಿ ರೈತರ ಸಂತೆ ಕೂಡುವುದು ಸೋಮವಾರ, ಬುಧವಾರ, ಶುಕ್ರವಾರ, ಅದೂ ಮಧ್ಯಾಹ್ನದೊಳಗೆ ಎತ್ತಂಗಡಿ. ಭಾನುವಾರ ಜರ್ಮನಿಯ ಎಲ್ಲ ಊರುಗಳಂತೆ ಇಲ್ಲೂ ಅಂಗಡಿ ಮುಚ್ಚಿರುತ್ತವೆ. ಈ ನಾಲ್ಕನ್ನೂ ಒಂದರ ಮೇಲೊಂದಿಟ್ಟರೆ ಉಳಿಯುವುದು ಶುಕ್ರವಾರ ಒಂದೇ. ಶುಕ್ರವಾರ ಬೆಳಿಗ್ಗೆ ಬಂದು, ರಾತ್ರಿ ಉಳಿದು, ಶನಿವಾರ ಮಧ್ಯಾಹ್ನ ಹೊರಟರೆ ಈ ಊರಿಗೆ ಸಲ್ಲಬೇಕಾದ ಸಮಯ ಸಲ್ಲುತ್ತದೆ. ವೇಳಾಪಟ್ಟಿ ವರ್ಷಕ್ಕೊಮ್ಮೆ ಅಲುಗಾಡುವುದುಂಟು. ಹೊರಡುವ ಹಿಂದಿನ ದಿನ ಆಯಾ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಿಂದ ಪ್ರಾದೇಶಿಕ ರೈಲಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಡಾಯ್ಚ್‌ಲಾಂಡ್ ಟಿಕೆಟ್ (ದೇಶದಾದ್ಯಂತ ಊರೂರಿನ ಬಸ್ಸು, ಪ್ರಾದೇಶಿಕ ರೈಲುಗಳಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದರೆ ಬೇರೆ ಟಿಕೆಟ್ ಬೇಡ. 2023ರಲ್ಲಿ 49 ಯೂರೋ ಇದ್ದ ಅದು 2025ರಲ್ಲಿ 58 ಆಗಿ, 2026ಕ್ಕೆ 63ಕ್ಕೆ ಏರಿತು. ಅದು ಟಿಕೆಟ್ ಅಲ್ಲ, ತಿಂಗಳ ಚಂದಾ ಎಂಬುದನ್ನು ಮರೆಯಬೇಡಿ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತ. ಒಂದೇ ವಾರಕ್ಕೆಂದು ಬರುವ ಅಪ್ಪ-ಅಮ್ಮಂದಿರಿಗೆ ಮಕ್ಕಳು ಇದನ್ನು ಮಾಡಿಸಿಕೊಟ್ಟು ಆಮೇಲೆ ರದ್ದು ಮಾಡಲು ಮರೆಯುವುದು ತೀರಾ ಮಾಮೂಲಿ. ವಿಮಾನದಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದಿಳಿಯುವವರು ಪೇಟೆಗೆ ಹೋಗಿ ರೈಲು ಹಿಡಿಯಬೇಕಿಲ್ಲ. 828ನೇ ನಂಬರಿನ ಬಸ್ಸು ವಿಮಾನ ನಿಲ್ದಾಣದಿಂದ ನೇರ ಟ್ಯೂಬಿಂಗನ್ ರೈಲು ನಿಲ್ದಾಣಕ್ಕೆ ಬರುತ್ತದೆ. ಆ ಬಸ್ಸಿನ ವಿಷಯ ಕೊನೆಗೆ ಮತ್ತೆ ಬರುತ್ತದೆ.

ರೈಲು ನಿಲ್ದಾಣ ನದಿಯ ದಕ್ಷಿಣಕ್ಕೆ, ಹಳೇ ಪೇಟೆ ಉತ್ತರಕ್ಕೆ. ನಡೆದರೆ ಹತ್ತು ನಿಮಿಷ. ಚಕ್ರದ ಸೂಟ್‌ಕೇಸ್ ಸೇತುವೆಯವರೆಗೆ ಸುಖವಾಗಿ ಉರುಳುತ್ತದೆ. ಆಮೇಲೆ ಕಲ್ಲು ಹಾಸಿನ ಏರು ಶುರು. ಹಳೇ ಪೇಟೆಯೊಳಗೆ ಕೋಣೆ ಹಿಡಿಯುವವರು ಬೆನ್ನಿಗೆ ಹಾಕುವ ಚೀಲ ತಂದರೆ ಒಳ್ಳೆಯದು. ಹೋಟೆಲ್‌ಗಳು ಕಡಿಮೆ. ವಿಶ್ವವಿದ್ಯಾಲಯದಲ್ಲಿ ದೊಡ್ಡ ಸಮ್ಮೇಳನ ನಡೆಯುವ ವಾರ ಕೋಣೆ ಸಿಗುವುದೇ ಕಷ್ಟ.

ಎಬರ್‌ಹಾರ್ಡ್ ಸೇತುವೆಯ ಮೇಲಿಂದ ಕಾಣುವ ಸಾಲು ಮನೆಗಳ ನೋಟವೇ ಈ ಊರಿನ ಪೋಸ್ಟ್‌ಕಾರ್ಡ್. ನದಿಗೆ ಮುಖ ಮಾಡಿ ನಿಂತ ಹಳದಿ, ಗುಲಾಬಿ, ತಿಳಿಹಸಿರು ಗೋಡೆಗಳು, ಕೆಳಗೆ ಕಲ್ಲಿನ ದಂಡೆ, ನೀರಿಗೆ ಬಾಗಿದ ಮರಗಳು. ಎಲ್ಲರೂ ಇಲ್ಲೇ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಸೇತುವೆಯ ನಡುವಿನಲ್ಲಿ ನದಿಯ ದ್ವೀಪಕ್ಕೆ ಇಳಿಯುವ ಮೆಟ್ಟಿಲುಗಳಿವೆ. ಇಳಿದರೆ ಎರಡೂ ಕಡೆ ದೈತ್ಯ ಪ್ಲೇನ್ ಮರಗಳ ಸಾಲು. ಅಲ್ಲಿ ನೂರಿನ್ನೂರು ಹೆಜ್ಜೆ ನಡೆದರೆ ಅದೇ ಮನೆಗಳು ಎದುರಿಗೆ, ನೀರಿನಲ್ಲಿ ಪ್ರತಿಬಿಂಬದ ಸಮೇತ ಸಿಗುತ್ತವೆ. ಸಂಜೆ ಬಿಸಿಲು ಆ ಗೋಡೆಗಳ ಮೇಲೆ ಓರೆಯಾಗಿ ಬೀಳುವ ಹೊತ್ತು ಅಲ್ಲಿರಬೇಕು. ನಾಲ್ಕರ ರೈಲಿಗೆ ಹೊರಟವರಿಗೆ ತಪ್ಪುವ ಮೊದಲ ಸಂಗತಿ ಇದು.

ಆ ಸಾಲಿನಲ್ಲಿ ನದಿಗೆ ಅಂಟಿಕೊಂಡಿರುವ ಹಳದಿ ದುಂಡು ಗೋಪುರವೇ ಕವಿ ಫ್ರೀಡ್ರಿಷ್ ಹ್ಯೋಲ್ಡರ್ಲೀನ್ ಇದ್ದ ಮನೆ. ಪ್ರವೇಶ ಉಚಿತ. 1806ರಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಅವನನ್ನು ಬಲವಂತವಾಗಿ ಇಲ್ಲಿನ ಆಸ್ಪತ್ರೆಗೆ ಸೇರಿಸಿದರು. ಆಗ ಆಸ್ಪತ್ರೆ ಇದ್ದುದು ಪಕ್ಕದಲ್ಲೇ ಇರುವ ಬುರ್ಸೆ ಎಂಬ ಕಟ್ಟಡದಲ್ಲಿ. ಮರು ವರ್ಷ, ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದು ಹೇಳಿ ಕಳಿಸಿದರು. ಏರ್ನ್ಸ್ಟ್ ಜಿಮ್ಮರ್ ಎಂಬ ಬಡಗಿ ಅವನನ್ನು ತನ್ನ ಮನೆಗೆ ಕರೆದುಕೊಂಡು ಬಂದ. ಆ ಮನೆಯಲ್ಲಿ ಕವಿ ಬದುಕಿದ್ದು 36 ವರ್ಷ, 1843ರವರೆಗೆ. ಕಿಟಕಿಯ ಹೊರಗೆ ಕಂಡ ಋತುಗಳ ಮೇಲೆ ಪುಟ್ಟ ಪದ್ಯ ಬರೆದು, ಕೆಳಗೆ ಸ್ಕಾರ್ಡನೆಲ್ಲಿ ಎಂದು ಸಹಿ ಹಾಕಿ, ಬಾಯಿಗೆ ಬಂದ ಇಸವಿ ನಮೂದಿಸುತ್ತಿದ್ದ. ಒಂದು ಎಚ್ಚರಿಕೆ: ಈಗ ಕಾಣುವ ಗೋಪುರ ಅವನು ಕಂಡ ಗೋಪುರವಲ್ಲ. 1875ರಲ್ಲಿ ಅದು ಸುಟ್ಟುಹೋಗಿ, ಮತ್ತೆ ಕಟ್ಟಿದ್ದು ಇದು. ಜರ್ಮನ್ ಕಾವ್ಯದ ಗಂಧವಿಲ್ಲದವರಿಗೆ ಒಳಗೆ ನೋಡಲು ವಸ್ತುಗಳು ಕಡಿಮೆ ಅನ್ನಿಸಬಹುದು. ಆದರೂ ಕಿಟಕಿಯ ಬಳಿ ನಿಂತು ನದಿ ನೋಡಲು ಹತ್ತು ನಿಮಿಷ ಕೊಡಿ.

ಗೋಪುರದ ಬುಡದಿಂದಲೇ ಶ್ಟೋಖರ್‌ಕಾನ್ ಹೊರಡುತ್ತದೆ. ಹುಟ್ಟು ಹಾಕುವ ದೋಣಿಯಲ್ಲ, ತಳ ಸಪಾಟಾದ ಉದ್ದನೆಯ ಮರದ ದೋಣಿ. ಅಂಬಿಗ ಹಿಂಬದಿಯಲ್ಲಿ ನಿಂತು ಸುಮಾರು ಏಳು ಮೀಟರ್ ಉದ್ದದ ಜಲ್ಲೆಯನ್ನು ನದಿಯ ತಳಕ್ಕೆ ಊರಿ ದೂಡುತ್ತಾನೆ. ತುಂಗಭದ್ರೆಯ ದಡದಲ್ಲಿ ಹರಿಗೋಲು ಕಂಡವರಿಗೆ ಜಲ್ಲೆಯ ಕೆಲಸ ಹೊಸದಲ್ಲ, ಆದರೆ ಹರಿಗೋಲು ಗಿರಗಿರ ತಿರುಗುತ್ತದೆ, ಇದು ಗೆರೆ ಹಿಡಿದಂತೆ ಹೋಗುತ್ತದೆ. ಬದಿಯ ಹಲಗೆಗೆ ಒರಗಿ ಎದುರುಬದುರು ಕೂರಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಂಗಾಮು. ಜನ ಸೇರಿದಂತೆ ಹೊರಡುವ ಸಾರ್ವಜನಿಕ ದೋಣಿಗಳೂ ಇವೆ, ಗುಂಪಿನವರು ಅಂಬಿಗನ ಸಮೇತ ಇಡೀ ದೋಣಿಯನ್ನೇ ಗೊತ್ತು ಮಾಡಿಕೊಳ್ಳುವುದೂ ಉಂಟು. ಸೇತುವೆಯ ಪಕ್ಕದ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಬಹುದು. ತಿಂಡಿ, ಪಾನೀಯ ಕೊಂಡೊಯ್ಯಲು ಯಾರೂ ಬೇಡವೆನ್ನುವುದಿಲ್ಲ. ಮಳೆ ಹೆಚ್ಚಾಗಿ ನದಿ ಏರಿದ ದಿನ ದೋಣಿ ಇಳಿಸುವುದಿಲ್ಲ. ಅಂಥ ದಿನಕ್ಕೆ ಬೇರೆ ಯೋಜನೆ ಕೈಯಲ್ಲಿರಲಿ.

ಜಲ್ಲೆಯನ್ನು ನೀವೇ ಹಿಡಿಯುವ ಸಂದರ್ಭ ಬಂದರೆ ಒಂದು ಮಾತು. ಜಲ್ಲೆ ಕೆಸರಿನಲ್ಲಿ ಕಚ್ಚಿಕೊಂಡಾಗ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ದೋಣಿ ಮುಂದಕ್ಕೆ ಹೋಗುತ್ತದೆ, ಜಲ್ಲೆ ಅಲ್ಲೇ ನಿಲ್ಲುತ್ತದೆ, ನಡುವೆ ನೇತಾಡುವವರು ನೀವು. ಊರಿದ ತಕ್ಷಣ ತುಸು ತಿರುಚಿ ಎಳೆಯಬೇಕು. ಬಾರದಿದ್ದರೆ ಬಿಟ್ಟುಬಿಡಬೇಕು. ಕಾರ್ಪಸ್ ಕ್ರಿಸ್ಟಿ ಹಬ್ಬದ ಗುರುವಾರ ನಡೆಯುವ ದೋಣಿ ಸ್ಪರ್ಧೆಯಲ್ಲಿ ಪಳಗಿದವರೂ ಹೀಗೆ ನೀರಿಗೆ ಬೀಳುವುದನ್ನು ನೋಡಲೆಂದೇ ಜನ ದಂಡೆ ತುಂಬ ಸೇರುತ್ತಾರೆ. ಸೋತ ತಂಡದ ಪ್ರತಿಯೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಇದು ತಮಾಷೆಯ ಮಾತಲ್ಲ, ನಿಜವಾಗಿ ಕುಡಿಸುತ್ತಾರೆ. ಆ ದಿನ ಸರ್ಕಾರಿ ರಜೆ, ಅಂಗಡಿ ಮುಚ್ಚಿರುತ್ತವೆ, ದ್ವೀಪದಲ್ಲಿ ಕಾಲಿಡಲು ಜಾಗ ಬೇಕಾದರೆ ಬೆಳಿಗ್ಗೆಯೇ ಹೋಗಿ ಕೂರಬೇಕು.

ಸೇತುವೆಯಿಂದ ಮೇಲೆ ಹತ್ತಿದರೆ ಹೋಲ್ಜ್‌ಮಾರ್ಕ್ಟ್ ಚೌಕ, ಅದರ ನೆತ್ತಿಯ ಮೇಲೆ ಶ್ಟಿಫ್ಟ್ಸ್‌ಕಿರ್ಖೆ ಚರ್ಚು. 1470ರಲ್ಲಿ ಕಟ್ಟಲು ಶುರುಮಾಡಿದ್ದು. ಅದು ಮುಗಿಯುವ ಮೊದಲೇ, 1477ರಲ್ಲಿ, ಎಬರ್‌ಹಾರ್ಡ್ ದೊರೆ ವಿಶ್ವವಿದ್ಯಾಲಯ ಸ್ಥಾಪಿಸಿದ. ಗಡ್ಡದ ಎಬರ್‌ಹಾರ್ಡ್ ಎಂದೇ ಅವನಿಗೆ ಹೆಸರು. ಅವನ ಧ್ಯೇಯವಾಕ್ಯ ಒಂದೇ ಲ್ಯಾಟಿನ್ ಪದ, ಅಟ್ಟೆಂಪ್ಟೋ. ಅಂದರೆ ಪ್ರಯತ್ನಿಸಿ ನೋಡುತ್ತೇನೆ. ಚರ್ಚಿನೊಳಗೆ ವ್ಯೂರ್ಟೆಂಬರ್ಗ್ ಅರಸುಮನೆತನದ ಸಮಾಧಿಗಳು ಸಾಲಾಗಿವೆ. ಹೊರಗೆ ಚೌಕದ ಕಡೆಯ ಗೋಡೆಯಲ್ಲಿ ಒಂದು ಕಿಟಕಿ ಗಮನಿಸಿ: ಸಂತ ಜಾರ್ಜ್‌ನನ್ನು ಚಕ್ರಕ್ಕೆ ಕಟ್ಟಿ ಹಿಂಸಿಸುವ ದೃಶ್ಯವನ್ನೇ ಕಿಟಕಿಯ ಕಲ್ಲಿನ ಜಾಲರಿಯಾಗಿ ಕೆತ್ತಿದ್ದಾರೆ. ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮ್ ತಿನ್ನುವ ನೂರು ಜನರಲ್ಲಿ ತಲೆಯೆತ್ತಿ ಅದನ್ನು ನೋಡುವವರು ಇಬ್ಬರೋ ಮೂವರೋ.

ಎದುರಿಗಿರುವ ಹೆಕ್ಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ 1895ರಿಂದ 1899ರವರೆಗೆ ಕಾದಂಬರಿಕಾರ ಹರ್ಮನ್ ಹೆಸ್ಸೆ ಕೆಲಸಕ್ಕಿದ್ದ, ಮೊದಲಿಗೆ ಕಲಿಯುವ ಹುಡುಗನಾಗಿ. ಈಗ ಅಲ್ಲೊಂದು ಪುಟ್ಟ ಪ್ರದರ್ಶನವಿದೆ, ಕಾಲು ಗಂಟೆಗೆ ಮುಗಿಯುತ್ತದೆ. ಹತ್ತಿರದ ಮ್ಯುಂಟ್ಸ್ ಗಲ್ಲಿಯಲ್ಲಿ ವಿಶ್ವವಿದ್ಯಾಲಯದ ಹಳೆಯ ಸಭಾಭವನ, ಗದ್ದಲ ಮಾಡಿದ ವಿದ್ಯಾರ್ಥಿಗಳನ್ನು ಕೂಡಿಹಾಕುತ್ತಿದ್ದ ಕಾರ್ಟ್ಸರ್ ಎಂಬ ಕೊಠಡಿ, ಮತ್ತು 1797ರಲ್ಲಿ ಜರ್ಮನ್ ಮಹಾಕವಿ ಗಯಟೆ ತಂಗಿದ್ದ ಪ್ರಕಾಶಕ ಕೋಟಾನ ಮನೆ ಇವೆ. ಗಯಟೆ ಇಲ್ಲಿ ತಂಗಿದ್ದ ಎಂದು ಆ ಮನೆಯ ಮೇಲೆ ಫಲಕವಿದೆ. ಪಕ್ಕದ ಮನೆಯವರೂ ಒಂದು ಫಲಕ ಹಾಕಿದ್ದಾರೆ: ಗಯಟೆ ಇಲ್ಲಿ ವಾಂತಿ ಮಾಡಿಕೊಂಡ. ಊರಿನ ಜಾಯಮಾನ ತಿಳಿಯಲು ಇಷ್ಟು ಸಾಕು. ಕಾರ್ಟ್ಸರ್ ಒಳಗೆ ನೋಡಬೇಕಾದರೆ ಗೈಡ್ ಜೊತೆಗೇ ಹೋಗಬೇಕು, ಸುಮ್ಮನೆ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ.

ಮಾರುಕಟ್ಟೆ ಚೌಕದ ಪುರಭವನ 1435ರದು. ಮುಖದ ಮೇಲಿನ ಚಿತ್ರಗಳು ಅಷ್ಟು ಹಳೆಯವಲ್ಲ, ವಿಶ್ವವಿದ್ಯಾಲಯಕ್ಕೆ 400 ವರ್ಷ ತುಂಬಿದಾಗ, ಅಂದರೆ 19ನೇ ಶತಮಾನದಲ್ಲಿ ಬಿಡಿಸಿದ್ದು. ನಿಜವಾಗಿ ಹಳೆಯದು ಮೇಲ್ಗಡೆಯ ಖಗೋಳ ಗಡಿಯಾರ. ಯೋಹಾನಸ್ ಶ್ಟ್ಯೋಫ್ಲರ್ ಎಂಬ ಗಣಿತದ ಪ್ರಾಧ್ಯಾಪಕ 1511ರಲ್ಲಿ ರೂಪಿಸಿದ್ದು. ಅದರ ಮುಳ್ಳುಗಳಲ್ಲೊಂದು ಡ್ರ್ಯಾಗನ್ ಆಕಾರದ್ದು. ಗೈಡುಗಳು ಅದನ್ನು ಗ್ರಹಣ ಸೂಚಿಸುವ ಮುಳ್ಳು ಎಂದು ಹೇಳಿ ಮುಂದೆ ಹೋಗುತ್ತಾರೆ, ಜೊತೆಗಿದ್ದವರಿಗೆ ತಲೆಬುಡ ತಿಳಿಯುವುದಿಲ್ಲ. ನಮ್ಮ ಪಂಚಾಂಗ ನೋಡಿ ಬೆಳೆದವರಿಗೆ ವಿವರಣೆಯೇ ಬೇಡ. ಡ್ರ್ಯಾಗನ್ನಿನ ತಲೆ ರಾಹು, ಬಾಲ ಕೇತು. ಚಂದ್ರನ ಪಥ ಸೂರ್ಯನ ಪಥವನ್ನು ಕತ್ತರಿಸುವ ಎರಡು ಬಿಂದುಗಳು. ಸೂರ್ಯ-ಚಂದ್ರರ ಮುಳ್ಳುಗಳು ಆ ಗೆರೆಗೆ ಬಂದು ಸೇರಿದಾಗ ಗ್ರಹಣ.

ಕೆಳಪೇಟೆಗೆ, ಅಮ್ಮರ್ ಕಾಲುವೆಯ ಕಡೆಗೆ, ಇಳಿಯುವವರು ಕಡಿಮೆ. ಅಲ್ಲಿ ದ್ರಾಕ್ಷಿ ತೋಟದ ಕೆಲಸಗಾರರು ಇರುತ್ತಿದ್ದರು. ಗೋಗನ್ ಎಂದು ಅವರ ಹೆಸರು, ಪ್ರಾಧ್ಯಾಪಕರನ್ನು ಒರಟಾಗಿ ಕಿಚಾಯಿಸುವ ಅವರ ಜೋಕುಗಳು ಇಂದಿಗೂ ಚಾಲ್ತಿಯಲ್ಲಿವೆ. ಅಲ್ಲಿರುವ ನೊನ್ನೆನ್‌ಹೌಸ್ ಎಂಬ ಹಳೆಯ ಕಟ್ಟಡದಲ್ಲಿ ಸಸ್ಯಶಾಸ್ತ್ರಜ್ಞ ಲೆಯೋನ್‌ಹಾರ್ಟ್ ಫುಕ್ಸ್ ವಾಸವಿದ್ದ. ಫ್ಯೂಷಿಯಾ ಹೂವಿಗೆ ಹೆಸರು ಬಂದದ್ದು ಅವನಿಂದ.

ಇನ್ನು ಕೋಟೆ. ಮಾರುಕಟ್ಟೆ ಚೌಕದಿಂದ ಬುರ್ಗ್‌ಶ್ಟೈಗೆ ಎಂಬ ಕಡಿದಾದ ಕಲ್ಲುಹಾದಿ ಹಿಡಿಯಬೇಕು. ಮಂಡಿನೋವಿನ ಹಿರಿಯರಿಗೆ, ಮಕ್ಕಳ ತಳ್ಳುಗಾಡಿಗೆ, ಗಾಲಿಕುರ್ಚಿಗೆ ಇದು ಕಷ್ಟದ ದಾರಿ. ಮಳೆ ಬಂದ ದಿನ ಇಳಿಯುವಾಗ ಕಲ್ಲು ಜಾರುತ್ತದೆ, ಹತ್ತುವಾಗಲ್ಲ ಬೀಳುವುದು. ಅಂಗಳಕ್ಕೆ ಹೋಗಲು ದುಡ್ಡಿಲ್ಲ, ಸಂಗ್ರಹಾಲಯಕ್ಕೆ ಟಿಕೆಟ್ ಇದೆ. ಅಂಗಳ ನೋಡಿ ಇಳಿದುಬಿಡುವವರು ದೊಡ್ಡ ನಷ್ಟ ಮಾಡಿಕೊಳ್ಳುತ್ತಾರೆ. ಇಡೀ ಊರಿನಲ್ಲಿ ಒಂದೇ ಕಡೆ ದುಡ್ಡು ಕೊಡಬಹುದು ಎಂದಾದರೆ ಇಲ್ಲೇ ಕೊಡಿ.

ಒಳಗೆ ಈಜಿಪ್ಟಿನ ಗೀಜಾದಿಂದ ತಂದ ಇಡೀ ಸಮಾಧಿ ಕೋಣೆ ಇದೆ, ಗ್ರೀಕ್ ಶಿಲ್ಪಗಳ ಪಡಿಯಚ್ಚುಗಳ ಸಾಲಿದೆ. ಅವುಗಳಿಗಿಂತ ಮೊದಲು ಹಿಮಯುಗದ ಕೋಣೆಗೆ ಹೋಗಿ. ಮಬ್ಬು ಬೆಳಕು, ಗಾಜಿನ ಪೆಟ್ಟಿಗೆಗಳು, ಪ್ರತಿಯೊಂದರಲ್ಲೂ ಹೆಬ್ಬೆರಳಿನಷ್ಟು ಗಾತ್ರದ ಒಂದೊಂದು ವಸ್ತು. ಅವುಗಳಲ್ಲಿ ಒಂದು ಕಾಡುಕುದುರೆ: 4.8 ಸೆಂಟಿಮೀಟರ್ ಉದ್ದ, ಮ್ಯಾಮತ್ ಎಂಬ ಅಳಿದುಹೋದ ಆನೆಜಾತಿಯ ದಂತದಲ್ಲಿ ಕೆತ್ತಿದ್ದು, ವಯಸ್ಸು ಸುಮಾರು 40,000 ವರ್ಷ. 1931ರಲ್ಲಿ ಫೋಗಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿತು. ಕಾಲುಗಳು ಮುರಿದಿವೆ. ಮುಂದೆ ನಿಂತು ನೋಡಿದರೆ ಒಂದು ದಂತದ ಚೂರು ಅಷ್ಟೇ. ಮೊಣಕಾಲು ಬಗ್ಗಿಸಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು, ಬದಿಯಿಂದ ನೋಡಬೇಕು. ಆಗ ಕುತ್ತಿಗೆಯ ಬಾಗು ಕಾಣುತ್ತದೆ, ಕಿವಿಯ ಹಿಂದಿನಿಂದ ಬೆನ್ನಿನವರೆಗೆ ಒಂದೇ ಗೆರೆಯಲ್ಲಿ ಇಳಿದು ಬಂದ ಬಾಗು. ಹೆಣ್ಣು ಕುದುರೆಯನ್ನು ಮೆಚ್ಚಿಸಲು ಅಥವಾ ಎದುರಾಳಿಯನ್ನು ಬೆದರಿಸಲು ಕತ್ತು ಬಿಲ್ಲಾಗಿಸಿ ನಿಲ್ಲುವ ಗಂಡು ಕುದುರೆಯ ಭಂಗಿ. ಕುದುರೆಯನ್ನು ಪಳಗಿಸುವುದಕ್ಕೆ ಹತ್ತಾರು ಸಾವಿರ ವರ್ಷ ಮೊದಲು, ಅದನ್ನು ದೂರದಿಂದ ಎಷ್ಟೋ ಹೊತ್ತು ನೋಡಿದವರ ಕೈ ಇದು. ಪಕ್ಕದ ಪುಟ್ಟ ಮ್ಯಾಮತ್ 2006ರಲ್ಲಿ ಅದೇ ಗುಹೆಯಲ್ಲಿ ಸಿಕ್ಕಿದ್ದು, 3.7 ಸೆಂಟಿಮೀಟರ್, ತೂಕ 7.5 ಗ್ರಾಂ, ಎಲ್ಲೂ ಮುರಿದಿಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಗಾಜಿನ ಹೊಳಪೇ ಬರುತ್ತದೆ, ಕುದುರೆ ಬರುವುದಿಲ್ಲ. ಕಣ್ಣಿಗೆ ಆ ಸಮಯ ಕೊಡಿ. ಆ ಗುಹೆಗಳು 2017ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ, ಆದರೆ ಅವು ಟ್ಯೂಬಿಂಗನ್‌ನಲ್ಲಿಲ್ಲ, ಶ್ವಾಬಿಯನ್ ಬೆಟ್ಟಸಾಲಿನಲ್ಲಿ ದೂರದಲ್ಲಿವೆ. ಎರಡನ್ನೂ ಒಂದೇ ದಿನಕ್ಕೆ ಸೇರಿಸಬೇಡಿ.

ಕೋಟೆಯ ಇನ್ನೊಂದು ಮೂಲೆಯಲ್ಲಿ ಹಳೆಯ ಅಡುಗೆಮನೆ. ಕಮಾನಿನ ಚಾವಣಿ, ದಪ್ಪ ಗೋಡೆ. 19ನೇ ಶತಮಾನದಲ್ಲಿ ವಿಶ್ವವಿದ್ಯಾಲಯ ಅದನ್ನು ರಸಾಯನಶಾಲೆ ಮಾಡಿತ್ತು. ಹಿಮೋಗ್ಲೋಬಿನ್ ಎಂಬ ಹೆಸರಿಟ್ಟ ಫೆಲಿಕ್ಸ್ ಹೋಪ್ಪೆ-ಜೈಲರ್ ಅಲ್ಲಿ ಕೆಲಸ ಮಾಡಿದ. ಅವನ ಶಿಷ್ಯ ಫ್ರೀಡ್ರಿಷ್ ಮೀಶರ್ 1869ರಲ್ಲಿ ಆಸ್ಪತ್ರೆಯವರು ಎಸೆದ ಗಾಯದ ಪಟ್ಟಿಗಳನ್ನು ತಂದು, ಅದರ ಕೀವಿನಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಕಣಕೇಂದ್ರದೊಳಗೆ ಯಾವ ಪ್ರೋಟೀನಿಗೂ ಹೋಲದ ಒಂದು ವಸ್ತುವನ್ನು ಕಂಡ. ರಂಜಕ ಹೆಚ್ಚಿದ್ದ ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ನಾವು ಈಗ ಡಿಎನ್‌ಎ ಅನ್ನುವುದು ಅದನ್ನೇ. ಮೀನಿನ ವೀರ್ಯದಿಂದ ಅವನು ತೆಗೆದ ನ್ಯೂಕ್ಲೀನ್ ಇರುವ ಗಾಜಿನ ನಳಿಕೆ ಅಲ್ಲಿ ಪ್ರದರ್ಶನಕ್ಕಿದೆ. ಅಡುಗೆಮನೆಯನ್ನೇ ಯಾಕೆ ಆರಿಸಿಕೊಂಡರು ಅನ್ನುವುದಕ್ಕೆ ಉತ್ತರ ಅಲ್ಲಿ ನಿಂತರೆ ಹೊಳೆಯುತ್ತದೆ: ಒಲೆ, ಹೊಗೆಗೂಡು, ತಣ್ಣನೆಯ ಕಲ್ಲು. ಜೀವವಿಜ್ಞಾನ ಓದಿದವರನ್ನು ಇಲ್ಲಿಂದ ಹೊರಡಿಸುವುದು ಕಷ್ಟ, ಉಳಿದವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ.

ಕನ್ನಡಿಗರಿಗೆ ಈ ಊರು ಬೇರೆ ಕಾರಣಕ್ಕೂ ಮುಖ್ಯ. ಅದನ್ನು ಯಾವ ಗೈಡೂ ತಾನಾಗಿ ಹೇಳುವ ಸಂಭವ ಕಡಿಮೆ, ಅವರ ಪ್ರವಾಸಗಳು ಹೆಗೆಲ್, ಹೆಸ್ಸೆ, ಹ್ಯೋಲ್ಡರ್ಲೀನ್ ಸುತ್ತಲೇ ತಿರುಗುತ್ತವೆ. ನದಿಯ ಮೇಲ್ಗಡೆ ಇರುವ ಶ್ಟಿಫ್ಟ್ ಎಂಬ ದೇವಶಾಸ್ತ್ರದ ವಿದ್ಯಾರ್ಥಿನಿಲಯ 1536ರಲ್ಲಿ ಶುರುವಾದದ್ದು. ಖಗೋಳವಿಜ್ಞಾನಿ ಕೆಪ್ಲರ್ ಓದಿದ್ದು ಅಲ್ಲಿ. ಮುಂದೆ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಮತ್ತು ಕವಿ ಹ್ಯೋಲ್ಡರ್ಲೀನ್ ಅಲ್ಲಿ ಒಂದೇ ಕೋಣೆ ಹಂಚಿಕೊಂಡಿದ್ದರು. ಅವರ ನಂತರದ ತಲೆಮಾರಿನಲ್ಲಿ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದ. 1843ರ ಜುಲೈ 1ರಂದು ಅವನ ಸಂಪಾದಕತ್ವದಲ್ಲಿ ಹೊರಬಂದದ್ದೇ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ. ತಾಳೆಗರಿಯಲ್ಲಿದ್ದ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿಗೆ ತಂದ ಅವನ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯ ಕೆಲಸಕ್ಕೆ ಇದೇ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಕಿಟ್ಟೆಲ್ ಹುಟ್ಟಿದ್ದು ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸಿಯಾದಲ್ಲಿ, ಆದರೆ ಕೊನೆಯ ವರ್ಷಗಳು ಕಳೆದದ್ದು ಟ್ಯೂಬಿಂಗನ್‌ನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ ವಿಶ್ವವಿದ್ಯಾಲಯ 1896ರಲ್ಲಿ ಅವನಿಗೂ ಡಾಕ್ಟರೇಟ್ ನೀಡಿತು. 1903ರಲ್ಲಿ ಅವನ ಕನ್ನಡ ವ್ಯಾಕರಣ ಹೊರಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಈ ಊರಿನಲ್ಲೇ ತೀರಿಕೊಂಡ. ಹೆಸ್ಸೆಯ ತಾಯಿಯ ತಂದೆ, ಮಲಯಾಳ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಕೂಡ ಇಲ್ಲೇ ಓದಿದವನು. ಅವನ ಹಸ್ತಪ್ರತಿ ಸಂಗ್ರಹ ವಿಲ್‌ಹೆಲ್ಮ್ ರಸ್ತೆಯ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿದೆ. ಹೆಚ್ಚಿನವು ಮಲಯಾಳದವು, ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಇವೆ. 2018ರಲ್ಲಿ ಅವನ್ನು ಸ್ಕ್ಯಾನ್ ಮಾಡಿ ಗುಂಡರ್ಟ್ ಪೋರ್ಟಲ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟರು. ಹಾಗಾಗಿ ಪುಸ್ತಕ ನೋಡಲೆಂದೇ ಗ್ರಂಥಾಲಯಕ್ಕೆ ಹೋಗಬೇಕಿಲ್ಲ. ಮೂಲ ಪ್ರತಿಯೇ ಬೇಕೆನ್ನುವ ಸಂಶೋಧಕರು ಮುಂಚಿತವಾಗಿ ಬರೆದು ಕೇಳಬೇಕು, ಬಂದ ದಿನವೇ ಕೈಗೆ ಸಿಗುವುದಿಲ್ಲ. ಸಂಸ್ಕೃತದವರಿಗೂ ಇದು ದೊಡ್ಡ ವಿಳಾಸ. ಬ್ಯೋಟ್ಲಿಂಕ್ ಜೊತೆ ಏಳು ಸಂಪುಟಗಳ ಪೀಟರ್ಸ್‌ಬರ್ಗ್ ಸಂಸ್ಕೃತ ನಿಘಂಟು ಮಾಡಿದ ರೂಡಾಲ್ಫ್ ರೋಟ್ ಇಲ್ಲಿ ಪ್ರಾಧ್ಯಾಪಕನೂ ಗ್ರಂಥಪಾಲಕನೂ ಆಗಿದ್ದ. ಕಾಶ್ಮೀರದ ಅಥರ್ವವೇದ ಪೈಪ್ಪಲಾದ ಶಾಖೆಯ ಭೂರ್ಜಪತ್ರದ ಪ್ರತಿ ಇಲ್ಲಿಗೆ ಬಂದದ್ದು ಅವನಿಂದಾಗಿ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳಿಗೆ ಈ ಸೀಮೆಯ ಶ್ವಾಬಿಯನ್ ಅಡುಗೆಯಲ್ಲಿ ಗುಂಡಿಗಳು ಅನೇಕ. ಮೌಲ್‌ಟಾಷನ್ ನಮ್ಮ ಕಡುಬಿನ ದೂರದ ಸಂಬಂಧಿಯಂತೆ ಕಾಣುತ್ತದೆ, ಹೊರಗಿನಿಂದ ಪಾಲಕದ ಹಸಿರು ಕಂಡು ಮೋಸ ಹೋಗಬೇಡಿ, ಒಳಗೆ ಮಾಂಸ. ತರಕಾರಿಯದ್ದು ಗೆಮ್ಯೂಜೆ ಎಂದು ಬೇರೆಯಾಗಿಯೇ ಬರೆದಿರುತ್ತದೆ. ಬೇಳೆ ಮತ್ತು ಶ್ಪೆಟ್ಸ್ಲೆ (ಹಿಟ್ಟಿನ ಎಳೆ) ಎಂಬ ಖಾದ್ಯದ ಹೆಸರು ಕೇಳಿ ಹಿಗ್ಗುವವರಿಗೆ ತಟ್ಟೆಯಲ್ಲಿ ಸಾಸೇಜೂ, ಬೇಳೆಯೊಳಗೆ ಹಂದಿಮಾಂಸದ ತುಣುಕೂ ಎದುರಾಗುತ್ತವೆ. ಆಲೂಗಡ್ಡೆ ಸಲಾಡ್ ಶುದ್ಧ ತರಕಾರಿ ಅಂದುಕೊಳ್ಳುವುದು ಇನ್ನೊಂದು ತಪ್ಪು: ಇಲ್ಲಿ ಅದಕ್ಕೆ ಮೇಯನೇಸ್ ಬದಲು ಬಿಸಿ ಸಾರು ಹಾಕುತ್ತಾರೆ, ಹಲವೆಡೆ ಅದು ಗೋಮಾಂಸದ ಸಾರು. ಬ್ರೆಟ್ಸೆಲ್ ಎಂಬ ಗಂಟು ಹಾಕಿದ ಬ್ರೆಡ್ಡಿನ ಹಿಟ್ಟಿಗೂ ಹಳೆಯ ಪದ್ಧತಿಯವರು ಹಂದಿಕೊಬ್ಬು ಸೇರಿಸುವುದುಂಟು, ಶ್ಮಾಲ್ಟ್ಸ್ ಇದೆಯೇ ಎಂದು ಬೇಕರಿಯಲ್ಲಿ ಕೇಳಿದರೆ ಹೇಳುತ್ತಾರೆ. ಮೊಟ್ಟೆ ತಿನ್ನುವವರಿಗೆ ಕೇಜ಼ೆಶ್ಪೆಟ್ಸ್ಲೆ ನಿಶ್ಚಿಂತೆಯ ಆಯ್ಕೆ: ಹಿಟ್ಟಿನ ಎಳೆ, ಕರಗಿದ ಚೀಸ್, ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ. ಹೊಟ್ಟೆಗೆ ಭಾರ, ಇಬ್ಬರಿಗೆ ಒಂದು ಸಾಕು. ವಿದ್ಯಾರ್ಥಿಗಳ ಊರಾದ್ದರಿಂದ ವೀಗನ್ ಊಟ, ಫಲಾಫೆಲ್ ಎಲ್ಲ ಧಾರಾಳ. ಊಟದ ಜೊತೆ ನೀರು ಕೇಳಿದರೆ ಬಾಟಲಿ ಬರುತ್ತದೆ, ಬಿಲ್ಲಿನಲ್ಲೂ ಬರುತ್ತದೆ. ಸಣ್ಣ ಅಂಗಡಿಗಳು ವಿದೇಶಿ ಕಾರ್ಡು ತೆಗೆದುಕೊಳ್ಳದಿರಬಹುದು, ಇಪ್ಪತ್ತು-ಮೂವತ್ತು ಯೂರೋ ನಗದು ಇರಲಿ.

ಪಾರ್ಸಲ್ ತೆಗೆದುಕೊಳ್ಳುವಾಗ ಬಿಲ್ಲಿನಲ್ಲಿ ಕಾಣುವ ಹೆಚ್ಚುವರಿ ಸಾಲಿಗೆ ಅಂಗಡಿಯವನ ಮೇಲೆ ರೇಗಬೇಡಿ. 2022ರ ಜನವರಿಯಿಂದ ಇಲ್ಲಿ ಬಿಸಾಡುವ ಪೊಟ್ಟಣದ ಮೇಲೆ ತೆರಿಗೆ ಇದೆ: ಲೋಟ ಅಥವಾ ಡಬ್ಬಿಗೆ 50 ಸೆಂಟ್, ಚಮಚ-ಮುಳ್ಳಿಗೆ 20 ಸೆಂಟ್, ಅದರ ಮೇಲೆ ಮಾರಾಟ ತೆರಿಗೆ. ಮೆಕ್‌ಡೊನಾಲ್ಡ್ಸ್ ಮಳಿಗೆ ನಡೆಸುವವರು ಕೋರ್ಟಿಗೆ ಹೋದರು, 2025ರ ಜನವರಿಯಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯ ತೆರಿಗೆ ಸರಿ ಎಂದಿತು. ತಪ್ಪಿಸಿಕೊಳ್ಳುವ ದಾರಿ ಸುಲಭ: ಕೂತು ಕುಡಿಯಿರಿ, ಇಲ್ಲವೇ ಠೇವಣಿ ಕೊಟ್ಟು ಮರುಬಳಕೆಯ ಲೋಟ ಕೇಳಿ. ಇದರಿಂದಾಗಿಯೋ ಏನೋ, ನದಿ ದಂಡೆಯಲ್ಲಿ ಕಾಗದದ ಲೋಟ ಅಪರೂಪ.

ಹಬ್ಬಗಳ ವಿಷಯದಲ್ಲಿ ಒಂದೇ ಎಚ್ಚರಿಕೆ. ಜರ್ಮನಿಯ ಕ್ರಿಸ್‌ಮಸ್ ಸಂತೆ ಎಂದರೆ ಇಡೀ ಡಿಸೆಂಬರ್ ಎಂದು ತಿಳಿದು ಬರುವವರಿಗೆ ಇಲ್ಲಿ ನಿರಾಸೆ, ಮೂರನೇ ಅಡ್ವೆಂಟ್ ಭಾನುವಾರದ (ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೂರನೆಯದು) ಆಸುಪಾಸಿನ ಮೂರೇ ದಿನ ಅದು ನಡೆಯುತ್ತದೆ. ಅದಕ್ಕೂ ಮುಂಚಿನ ಚಾಕೊಲೇಟ್ ಉತ್ಸವಕ್ಕೆ ವಾರಾಂತ್ಯದಲ್ಲಿ ಹೋದರೆ ಚಾಕೊಲೇಟಿಗಿಂತ ಜನರ ಬೆನ್ನೇ ಹೆಚ್ಚು ಕಾಣುತ್ತದೆ.

ಓದಲು ಬರುವವರಿಗೆ ಊರಿನ ಮುಖ ಬೇರೆ. ಸುಮಾರು 90,000 ಜನರ ಊರಿನಲ್ಲಿ ವಿದ್ಯಾರ್ಥಿಗಳೇ 28,000ದ ಹತ್ತಿರ. ಒಂದೇ ಕ್ಯಾಂಪಸ್ ಇಲ್ಲ: ಮಾನವಿಕ ವಿಷಯಗಳು ವಿಲ್‌ಹೆಲ್ಮ್ ರಸ್ತೆಯ ಸುತ್ತ, ವಿಜ್ಞಾನ ಮೇಲೆ ಮೋರ್ಗನ್‌ಶ್ಟೆಲ್ಲೆ ಗುಡ್ಡದಲ್ಲಿ, ವೈದ್ಯಕೀಯ ಶ್ನಾರನ್‌ಬರ್ಗ್ ಇಳಿಜಾರಿನಲ್ಲಿ. ಕೋಣೆ ಹುಡುಕುವಾಗ ನಕ್ಷೆಯ ದೂರ ನೋಡಬೇಡಿ, ಏರು ನೋಡಿ, ಬಸ್ಸು ನೋಡಿ. ಯೂರೋಪ್ ಒಕ್ಕೂಟದ ಹೊರಗಿನವರಿಗೆ ಈ ರಾಜ್ಯದಲ್ಲಿ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ನಂಬಿ ಲೆಕ್ಕ ಹಾಕಿದವರು ಎಡವುವುದು ಇಲ್ಲೇ. ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಲು ಬಿಡುವ ಬ್ಯಾಂಕ್ ಖಾತೆ) 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ತೋರಿಸಬೇಕು, ಅಂದರೆ ತಿಂಗಳಿಗೆ 992. ಭಾರತದವರಿಗೆ ಅದಕ್ಕೂ ಮೊದಲು ಓದಿನ ದಾಖಲೆಗಳು ಸಾಚಾ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ನಿಜವಾದ ತಲೆನೋವು ಮನೆ. ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಯ ಊರು, ಬೆಳೆಯಲು ಜಾಗವಿಲ್ಲ, ಅಕ್ಟೋಬರ್‌ನಲ್ಲಿ ಎಲ್ಲರೂ ಒಟ್ಟಿಗೆ ಬಂದಿಳಿಯುತ್ತಾರೆ. ಪ್ರವೇಶ ಪತ್ರ ಕೈಸೇರಿದ ದಿನವೇ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಿ, ವೀಸಾ ಬರಲಿ ಎಂದು ಕಾದರೆ ಸಾಲಿನ ಹಿಂದಕ್ಕೆ ಬೀಳುತ್ತೀರಿ. ಹಾಸ್ಟೆಲುಗಳಲ್ಲಿ ದೊಡ್ಡದು ಗುಡ್ಡದ ಮೇಲಿನ ವಾಲ್ಡ್‌ಹೊಯ್ಸರ್ ಓಸ್ಟ್. ಖಾಸಗಿ ಬಾಡಿಗೆಯಲ್ಲಿ ಜಾಹೀರಾತಿನ ಅಂಕಿ ಕಾಲ್ಟ್ ಎಂದಿದ್ದರೆ ಮನೆ ಬೆಚ್ಚಗಿಡುವ ಖರ್ಚೂ ನೀರಿನ ಖರ್ಚೂ ಸೇರಿಲ್ಲ, ವಾರ್ಮ್ ಎಂದಿದ್ದರೆ ಸೇರಿದೆ. ಮುಂಗಡ ಠೇವಣಿ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದು ಕಾನೂನು. ಕೋಣೆ ನೋಡದೆ, ವಿಡಿಯೋ ಕರೆಯಲ್ಲೂ ತೋರಿಸದೆ, ಮೊದಲು ದುಡ್ಡು ಕಳಿಸಿ ಅನ್ನುವವರೆಲ್ಲ ವಂಚಕರು ಎಂದೇ ಇಟ್ಟುಕೊಳ್ಳಿ. ಮನೆಗೆ ಬಂದ ಎರಡು ವಾರದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಆ ಪತ್ರ ಕೊಡಲೊಲ್ಲದವರ ಕೋಣೆ ಎಷ್ಟು ಅಗ್ಗವಾಗಿದ್ದರೂ ಬೇಡ, ಬ್ಯಾಂಕ್ ಖಾತೆ, ವೀಸಾ ವಿಸ್ತರಣೆ ಎಲ್ಲ ಅದರ ಮೇಲೇ ನಿಂತಿದೆ. ಮೆಟ್ಟಿಲು ಗುಡಿಸುವ ಸರದಿಯ ಫಲಕ ಬಾಗಿಲಿಗೆ ತೂಗಿದರೆ ಅದನ್ನು ಅಲಂಕಾರ ಎಂದುಕೊಳ್ಳಬೇಡಿ. ಕೇರ್‌ವೋಖೆ ಎಂಬ ಈ ಪದ್ಧತಿಯ ವಿಷಯದಲ್ಲಿ ಶ್ವಾಬಿಯನ್ನರು ನಗುವುದಿಲ್ಲ. ತರಗತಿಯ ವೇಳೆಗೆ ಮುಂದೆ ಸಿ.ಟಿ. ಎಂದಿದ್ದರೆ ಕಾಲು ಗಂಟೆ ತಡವಾಗಿ ಶುರು ಎಂದರ್ಥ. ಹತ್ತು ಸಿ.ಟಿ. ಎಂದರೆ ಹತ್ತೂಕಾಲು.

ಶನಿವಾರ ಬೆಳಿಗ್ಗೆ ಕೈಯಲ್ಲಿ ಉಳಿದಿದ್ದರೆ ಎರಡು ದಾರಿಗಳಿವೆ. ಕಾಲು ಗಟ್ಟಿಯಿದ್ದವರು ಕೋಟೆಯ ಹಿಂದಿನಿಂದ ಶ್ಪಿಟ್ಸ್‌ಬರ್ಗ್ ಗುಡ್ಡದ ಏಣು ಹಿಡಿದು ವುರ್ಮ್‌ಲಿಂಗನ್ ಎಂಬಲ್ಲಿನ ಗುಡ್ಡದ ತುದಿಯ ಒಂಟಿ ಪ್ರಾರ್ಥನಾಲಯದವರೆಗೆ ನಡೆಯಬಹುದು. ಇಲ್ಲವೇ ಊರಿನ ಉತ್ತರಕ್ಕೆ, ಶ್ಯೋನ್‌ಬುಖ್ ಕಾಡಿನಂಚಿನ ಬೇಬನ್‌ಹೌಸನ್ ಮಠ. 12ನೇ ಶತಮಾನದ ಕೊನೆಯಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳ ಕೈಗೆ ಬಂದ ಮಠ, ಆಮೇಲೆ ಅರಸರ ಬೇಟೆಯ ಬೀಡು. ವ್ಯೂರ್ಟೆಂಬರ್ಗಿನ ಕೊನೆಯ ದೊರೆ ಎರಡನೇ ವಿಲ್‌ಹೆಲ್ಮ್ ಪಟ್ಟ ಬಿಟ್ಟ ಮೇಲೆ ಇಲ್ಲಿದ್ದು 1921ರಲ್ಲಿ ತೀರಿಕೊಂಡ. ಮಠದ ಭಾಗವನ್ನು ನೀವೇ ಸುತ್ತಬಹುದು, ಅರಮನೆಯ ಭಾಗಕ್ಕೆ ಗೈಡ್ ಕಡ್ಡಾಯ. ಸಮಯ ಕಡಿಮೆಯಿದ್ದರೆ ಅರಮನೆ ಬಿಟ್ಟು ಬೇಸಿಗೆಯ ಊಟದ ಮನೆಯಲ್ಲಿ ನಿಲ್ಲಿ. ತೆಳ್ಳನೆಯ ಮೂರು ಕಂಬಗಳ ಮೇಲೆ ಇಡೀ ಚಾವಣಿ ತಾಳೆಗರಿಯಂತೆ ಬಿಚ್ಚಿಕೊಂಡಿದೆ.

ವಿಮಾನ ನಿಲ್ದಾಣದ 828ನೇ ಬಸ್ಸು ಹಾದುಹೋಗುವುದು ಈ ಮಠದ ಮುಂದೆಯೇ, ನಿಲ್ದಾಣದ ಹೆಸರು ವಾಲ್ಡ್‌ಹೋರ್ನ್. ಹಾಗಾಗಿ ಹೊರಡುವ ದಿನ ಒಂದು ಬಸ್ಸಿಗೆ ಇಲ್ಲಿಳಿದು, ಮಠ ನೋಡಿ, ಮುಂದಿನ ಬಸ್ಸು ಹತ್ತಬಹುದು. ಮುಂದೆ ಅದೇ ಬಸ್ಸು ರಿಟರ್ ಸ್ಪೋರ್ಟ್ ಚಾಕೊಲೇಟಿನ ಊರಾದ ವಾಲ್ಡನ್‌ಬುಖ್ ಮೂಲಕವೂ ಹೋಗುತ್ತದೆ. ಸಾಮಾನು ಇದ್ದವರು ಚೆಕ್-ಇನ್‌ಗೆ ಮೂರು ಗಂಟೆ ಬಿಟ್ಟು ಲೆಕ್ಕ ಹಾಕಿ, ವಾರಾಂತ್ಯದಲ್ಲಿ ಬಸ್ಸುಗಳ ಅಂತರ ಹೆಚ್ಚಿರುತ್ತದೆ. ಮಠದ ಒಳಗೆ ಸೂಟ್‌ಕೇಸ್ ಎಳೆಯುವುದಕ್ಕೆ ನೆಲ ಸಹಕರಿಸುವುದಿಲ್ಲ.